ಬೀಳ್ಕೊಡುಗೆಯ ತೆಂಗಿನಕಾಯಿ

ಸತ್ಕಾರ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಸಾಂಗಲಿ-ಮಿರಜ ಕಡೆ ಇದೊಂದು ಹುಚ್ಚು. ಹುಡುಗಿ ಹತ್ತನೆಯ ತರಗತಿ ಪಾಸಾದರೆ ಸತ್ಕಾರ, ವಾರ್ಡಿನಲ್ಲಿ ಯಾರೋ ಆರಿಸಿ ಬಂದರೆ ಸತ್ಕಾರ, ಸೋತವನಿಗೂ ಚೆನ್ನಾಗಿ ಹೋರಾಡಿದ ಅಂತ ಸತ್ಕಾರ. ಹೆಗಲಿಗೊಂದು ಶಾಲು, ತಲೆಗೊಂದು ಕೇಸರಿ ಫೇಟಾ, ಕೈಗೊಂದು ತೆಂಗಿನಕಾಯಿ, ಆಮೇಲೆ ಫೋಟೋ. ನಾವು ಮನೆಯಲ್ಲಿ ಕನ್ನಡ ಆಡುವ ಜನ, ಬಾಗಿಲು ದಾಟಿದರೆ ಮರಾಠಿ. ಆದರೆ ಈ ವಿಷಯದಲ್ಲಿ ಎರಡೂ ಭಾಷೆಯವರು ಒಂದೇ. ಕೊಡುವವನು ಎಂಥವನೇ ಇರಲಿ, ಕೊಟ್ಟ ಕಾಯಿಯನ್ನು ಬೇಡ ಅನ್ನುವ ಧೈರ್ಯ ಯಾರಿಗೂ ಇಲ್ಲ. ಎರಡೂ ಕೈ ಒಡ್ಡಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಳ್ಳುವುದೇ. ನಾನೂ ಮುಟ್ಟಿಸಿಕೊಂಡೆ, ನಕ್ಕೂ ಬಿಟ್ಟೆ. ಆ ನಗು ನನಗೆ ಎಷ್ಟು ದುಬಾರಿಯಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕುಪವಾಡದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಆಸ್ಪತ್ರೆಗಳಿಗೆ ಬ್ಯಾಂಡೇಜು ಮಾಡುವ ಒಂದು ಕಾರ್ಖಾನೆ ಇತ್ತು. ದೊಡ್ಡದೇನಲ್ಲ. ಮಾಧವನಗರದ ಮಗ್ಗಗಳಿಂದ ತೆಳ್ಳನೆಯ ಬಟ್ಟೆ ಬರುತ್ತಿತ್ತು. ಅದನ್ನು ತೊಳೆದು, ಬಿಳಿ ಮಾಡಿ, ಕತ್ತರಿಸಿ, ಸುತ್ತಿ, ಹಬೆಯಲ್ಲಿ ಶುದ್ಧ ಮಾಡಿ ಕಳಿಸುತ್ತಿದ್ದೆವು. ನನ್ನದು ತಪಾಸಣೆಯ ಟೇಬಲ್. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಲೆ ಬಟ್ಟೆ ಜರುಗುತ್ತಾ ಹೋಗುವುದು, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಎಣ್ಣೆಯ ಕಲೆ ಇದೆ ಎಂದು ನಾನು ನೋಡುವುದು. ಸುಮಾರು ಇಪ್ಪತ್ತು ವರ್ಷ ಅದೇ ಕೆಲಸ. ಕಣ್ಣಿಗೆ ಆ ಚಟ ಎಷ್ಟು ಹತ್ತಿತ್ತೆಂದರೆ, ನನ್ನ ಗಂಡನಿಗೆ ಮಿರಜದ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಶನ್ ಆದಾಗ ನಾನು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಹೊಟ್ಟೆಯ ಮೇಲಿನ ಪಟ್ಟಿಯ ಅಂಚನ್ನು. ನಮ್ಮದೇ ಮಾಲು. ಅಂಚು ಸರಿಯಾಗಿತ್ತು. ಅವರು ಇವತ್ತಿಗೂ ಅದನ್ನು ನೆಂಟರ ಮುಂದೆ ಹೇಳಿ ನನ್ನನ್ನು ಕಾಡುತ್ತಾರೆ.

ಗಂಡನ ಮನೆಯದು ಮಿರಜ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇತ್ತು. ಅಣ್ಣತಮ್ಮಂದಿರಲ್ಲಿ ಪಾಲಾಗಿ, ನಮ್ಮ ಪಾಲಿಗೆ ಅಂಗಡಿಯ ಬೋರ್ಡು ಮಾತ್ರ ಉಳಿಯಿತು ಎನ್ನಬಹುದು. ಗಂಡ ಬೇರೆಯವರ ಅಂಗಡಿಯಲ್ಲಿ ಗುಮಾಸ್ತರಾದರು, ನಾನು ವಡಾಪ್ ರಿಕ್ಷಾ ಹತ್ತಿ ಕುಪವಾಡಕ್ಕೆ ಹೊರಟೆ. ಸೀಟು ಪೂರ್ತಿ ತುಂಬುವ ತನಕ ಅಲುಗಾಡದ ಆ ರಿಕ್ಷಾಗಳಲ್ಲಿ ಅರ್ಧ ಆಯುಷ್ಯ ಕಳೆದಿದ್ದೇನೆ. ವ್ಯಾಪಾರಸ್ಥರ ಮನೆಯ ಸೊಸೆ ಕಾರ್ಖಾನೆಗೆ ಹೋಗುವುದು ಮೈದುನಂದಿರಿಗೆ ಹಿಡಿಸಲಿಲ್ಲ. ಅವರಿಗೆ ಹಿಡಿಸುವ ಹಾಗೆ ಬದುಕಿದ್ದರೆ ನನ್ನ ಮಗ ಕಲಿಯುತ್ತಿರಲಿಲ್ಲ.

ನನ್ನ ಎದುರಿನ ಟೇಬಲ್ಲಿನಲ್ಲಿ ಇದ್ದವಳು ಜತ್ತ ಕಡೆಯ ಕುರಿ ಸಾಕುವ ಮನೆಯವಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು, ಕುಪವಾಡದಲ್ಲೇ ಬಾಡಿಗೆಯ ಎರಡು ಖೋಲಿಯಲ್ಲಿ ಸಂಸಾರ. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಇಡೀ ಶೆಡ್ಡಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಸೂಪರ್‌ವೈಸರನನ್ನು ಅವನ ಎದುರಿಗೇ ಬೈಯಲು ಅದು ಬಹಳ ಅನುಕೂಲವಾಗಿತ್ತು. ಅವಳಿಗೆ ದೇವರು ದಿಂಡರು, ವಾರ, ಮಡಿಮೈಲಿಗೆ ಎಲ್ಲ ಬಿಗಿ. ನಾನು ಲಿಂಗ ಕಟ್ಟಿದ ಮನೆಯವಳು. ಅಮಾವಾಸ್ಯೆ, ಸೂತಕ ಅಂದರೆ ನಗುವವಳು. ಊಟದ ಹೊತ್ತಿನಲ್ಲಿ ಅವಳ ಡಬ್ಬಿಯ ಸಜ್ಜಿ ರೊಟ್ಟಿ ನಾನು ತಿನ್ನುತ್ತಿದ್ದೆ, ನನ್ನ ಡಬ್ಬಿಯ ಶೇಂಗಾ ಹಿಂಡಿ ಅವಳು. ಇಷ್ಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ಒಂದು ಜಗಳ ಆಗಿದ್ದು ನನಗೆ ನೆನಪಿಲ್ಲ.

ಪಗಾರದ ವಾಢ, ಅಂದರೆ ಏರಿಕೆ, ನಮ್ಮಲ್ಲಿ ಕಾಗದದಲ್ಲಿ ಬರುತ್ತಿರಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಹಿರಿಯ ಮಾಲಕರು ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು, ಪೇಢೆಯ ಪೆಟ್ಟಿಗೆ ಕೈಗಿಟ್ಟು, ಮುಂದಿನ ತಿಂಗಳಿಂದ ನಿನಗೆ ಇಷ್ಟು ಹೆಚ್ಚು ಎಂದು ಮೆಲ್ಲಗೆ ಹೇಳುತ್ತಿದ್ದರು. ಪಕ್ಕದವಳಿಗೆ ಎಷ್ಟು ಎಂದು ನಾವು ಕೇಳುತ್ತಿರಲಿಲ್ಲ. ಹೊರಗೆ ಬಂದವಳ ಮುಖ ನೋಡಿ ಅಂದಾಜು ಮಾಡುತ್ತಿದ್ದೆವು. ಹಿರಿಯರು ತೀರಿಕೊಂಡರು, ಮಗ ಕುರ್ಚಿಗೆ ಬಂದ. ಮೊದಲ ದೀಪಾವಳಿಗೆ ಪೇಢೆ ಬಂತು, ವಾಢ ಬರಲಿಲ್ಲ. ಧಂದೆ ಸ್ವಲ್ಪ ಸಡಿಲ ಇದೆ, ಮುಂದಿನ ಸಲ ಎರಡೂ ಸೇರಿಸಿ ಕೊಡುತ್ತೇನೆ ಎಂದ. ಮುಂದಿನ ಸಲ ಪೇಢೆಯ ಪೆಟ್ಟಿಗೆ ಇನ್ನೂ ದೊಡ್ಡದು, ಮೇಲೆ ಚಿನ್ನದ ಬಣ್ಣದ ಕಾಗದ. ಕಂಪನಿ ಪುಣೆಯ ಆಚೆ ದೊಡ್ಡ ಜಾಗಕ್ಕೆ ಹೋಗುತ್ತಿದೆ, ಅಲ್ಲಿ ಹೋದಮೇಲೆ ಹಿಂದಿನದೂ ಸೇರಿ ಒಟ್ಟಿಗೇ ಎಂದ. ಎಲ್ಲರ ಮುಂದೆಯೇ ಹೇಳಿದ. ಮೂಗಿಗೆ ತುಪ್ಪ ಸವರುವುದು ಎಂದರೆ ಏನು ಎಂದು ನನಗೆ ಅವತ್ತೇ ತಿಳಿಯಬೇಕಿತ್ತು. ಪೇಢೆ ಚೆನ್ನಾಗಿತ್ತು, ಅದು ಬೇರೆ ಮಾತು.

ಅಲ್ಲಿಗೆ ಹೋಗುವವರು ಯಾರು? ಮದುವೆಯಾಗದ ನಾಲ್ಕಾರು ಗಂಡಸರು ಹೊರಟರು. ಹೆಂಗಸರಿಗೆ, ಬೇಕಾದರೆ ಬರಬಹುದು, ಇರುವ ವ್ಯವಸ್ಥೆ ನೀವೇ ನೋಡಿಕೊಳ್ಳಿ ಎಂದರು. ಮನೆ, ಗಂಡ, ಮಕ್ಕಳು, ನೀರು ಬರುವ ಹೊತ್ತು ಎಲ್ಲ ಇಲ್ಲಿ, ನಾವು ಪುಣೆಯ ಆಚೆ ಖೋಲಿ ಹಿಡಿದು ಯಾರಿಗೆ ಅಡಿಗೆ ಮಾಡುವುದು? ಬರುವುದಿಲ್ಲ ಎಂದೆವು. ಹಾಗಾದರೆ ಮುಂದೆ ಏನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ನೋಟೀಸೂ ಬರಲಿಲ್ಲ. ಯಂತ್ರಗಳು ಒಂದೊಂದಾಗಿ ಟ್ರಕ್ ಹತ್ತಿದವು. ನನ್ನ ಗಾಜಿನ ಟೇಬಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಹೊತ್ತುಕೊಂಡು ಹೋದ ದಿನ ನಾನು ಬಾತ್‌ರೂಮಿನಲ್ಲಿ ನಿಂತು ಅತ್ತೆ. ಅದನ್ನು ಯಾರಿಗೂ ಹೇಳಿಲ್ಲ.

ಟೇಬಲ್ ಹೋದ ಮರುವಾರವೇ ಮ್ಯಾನೇಜರ್ ಬಂದು, ನೀವೆಲ್ಲ ಕಂಪನಿಯ ಹಿರಿಯ ಮಂದಿ, ನಿಮ್ಮ ಸತ್ಕಾರ ಮಾಡದೆ ಹೇಗೆ ಹೋಗುವುದು ಎಂದು ಮರಾಠಿಯಲ್ಲಿ ಬಹಳ ಪ್ರೀತಿಯಿಂದ ಹೇಳಿದ. ಖಾಲಿಯಾದ ಶೆಡ್ಡಿನಲ್ಲಿ ಪೆಂಡಾಲಿನವರ ಕುರ್ಚಿ ಬಂದವು, ಬ್ಯಾನರ್ ಬಂತು, ಒಂದು ದೊಡ್ಡ ಪಾತೆಲಿ ತುಂಬ ಭಡಂಗ ಬಂತು. ಖಾರದ ಚುರುಮುರಿ ಬಾಯಲ್ಲಿ ಇರುವಾಗ ಯಾರಿಗೂ ಸಿಟ್ಟು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತೋ ಏನೋ. ಹೆಂಗಸರಿಗೂ ಫೇಟಾ ಕಟ್ಟಿದರು, ಈಗ ಅದೇ ಫ್ಯಾಶನ್. ನನ್ನ ತಲೆ ಸಣ್ಣದು. ಕಟ್ಟಿದ್ದ ಫೇಟಾ ಜಾರಿ ಕಣ್ಣಿನ ಮೇಲೆ ಬಂತು, ಕಾಯಿ ಎಲ್ಲಿದೆ ಎಂದು ಕಾಣದೆ ನಾನು ಗಾಳಿಯಲ್ಲಿ ಕೈ ಆಡಿಸಿದೆ, ಎಲ್ಲರೂ ಗೊಳ್ಳೆಂದರು, ನಾನೂ ನಕ್ಕೆ. ವೀಡಿಯೊ ಕ್ಯಾಮೆರಾದವನು ಅದೇ ಗಳಿಗೆಯನ್ನು ಹಿಡಿದ. ಆಮೇಲೆ ಮ್ಯಾನೇಜರ್ ಮೈಕಿನಲ್ಲಿ, ಈ ತಾಯಂದಿರು ಇನ್ನು ಮನೆಯವರ ಜೊತೆ ಇರಬೇಕೆಂದು ತಮ್ಮ ಖುಷಿಯಿಂದ ನಿರ್ಧಾರ ಮಾಡಿದ್ದಾರೆ, ಅವರಿಗೆ ನಮ್ಮ ಶುಭ ಹಾರೈಕೆ ಎಂದು ಹೇಳಿದ. ನಾವು ಚಪ್ಪಾಳೆ ತಟ್ಟಿದೆವು. ಸಮಾರಂಭದಲ್ಲಿ ಯಾರು ಏನು ಹೇಳಿದರೂ ಮಾತು ಮುಗಿದ ಕೂಡಲೇ ಕೈ ತಾನಾಗಿಯೇ ತಟ್ಟುತ್ತದೆ. ಏನು ಹೇಳಿದ ಎಂದು ಯಾರು ಕೇಳಿಸಿಕೊಂಡಿರುತ್ತಾರೆ.

ಒಬ್ಬಳು ಮಾತ್ರ ಕಾಯಿ ಮುಟ್ಟಲಿಲ್ಲ. ನನ್ನ ಎದುರು ಟೇಬಲ್ಲಿನ ಗೆಳತಿ. ಅವಳ ಊರಿನಲ್ಲಿ ದೂರದ ದಾಯಾದಿ ಮುದುಕನೊಬ್ಬ ಆ ವಾರ ತೀರಿಕೊಂಡಿದ್ದ. ದಿನ ಕಳೆಯುವ ತನಕ ಅವಳಿಗೆ ಸೂತಕ. ಕುಂಕುಮ ಇಲ್ಲ, ಕಾಯಿ ಇಲ್ಲ, ಮಂಗಲದ್ದು ಯಾವುದೂ ಇಲ್ಲ. ಶಟರಿನ ಹತ್ತಿರ ಒಂದು ಕುರ್ಚಿ ಎಳೆದುಕೊಂಡು ದೂರ ಕುಳಿತಳು. ಮ್ಯಾನೇಜರ್ ಎರಡು ಸಲ ಕರೆದ, ಏಳಲಿಲ್ಲ. ಫೋಟೋಕ್ಕೂ ಬರಲಿಲ್ಲ. ನನಗೆ ರೇಗಿತು. ಆ ಮುದುಕನ ಮುಖವನ್ನಾದರೂ ಸರಿಯಾಗಿ ನೋಡಿದ್ದೀಯೇನು, ನಮ್ಮಲ್ಲಿ ಮನೆಯವರೇ ಹೋದರೂ ಸೂತಕ ಹಿಡಿಯುವುದಿಲ್ಲ, ಸತ್ತವರು ಶಿವನ ಪಾದ ಸೇರಿದ ಮೇಲೆ ಮೈಲಿಗೆ ಎಲ್ಲಿಂದ ಬರುತ್ತದೆ ಎಂದು ದೊಡ್ಡ ಪುರಾಣ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ರೂಢಿ ಐತ್ರಿ ಅಕ್ಕ, ಅಂದಳು ಅಷ್ಟೇ. ಭಡಂಗ ಮಾತ್ರ ತಿಂದಳು.

ಅದಾದ ಮೇಲೆ ನಮ್ಮ ಪಿ.ಎಫ್., ಗ್ರಾಚ್ಯುಟಿ ಬಂತು. ಎಲ್ಲವೂ ಹಳೆಯ ಪಗಾರದ ಮೇಲೆ. ವಾಢದ ಮಾತೇ ಇಲ್ಲ. ಫೋನ್ ಮಾಡಿದರೆ, ನೀವೇ ಬಿಟ್ಟಿರಲ್ಲ ತಾಯಿ ಎಂದರು. ನೀವೇ ಬಿಟ್ಟಿರಿ ಎಂಬ ಆ ಮಾತು ನನಗೆ ಹಣಕ್ಕಿಂತ ಹೆಚ್ಚು ಚುಚ್ಚಿತು. ನಾನು ಬಿಟ್ಟಿರಲಿಲ್ಲ. ನನ್ನ ಟೇಬಲ್ಲನ್ನೇ ಹೊತ್ತುಕೊಂಡು ಹೋದವರು ಅವರು. ಗಂಡ ಎಂದಿನ ಹಾಗೆ, ಹೋಗಲಿ ಬಿಡು, ಸುಮ್ಮನ ಇರು ಎಂದರು. ಪಾಲಿನಲ್ಲಿ ಸುಮ್ಮನೆ ಇದ್ದು ಬೋರ್ಡು ಗಳಿಸಿದವರು ಅವರು. ಅವರ ಬುದ್ಧಿವಾದ ಕೇಳುವ ಮನಸ್ಸು ನನಗಿರಲಿಲ್ಲ. ಮೂವರು ನಾಲ್ವರನ್ನು ಕಟ್ಟಿಕೊಂಡು ಸಾಂಗಲಿಯ ಕೋರ್ಟಿನ ಹತ್ತಿರದ ಒಬ್ಬ ಹೆಣ್ಣು ವಕೀಲರ, ಎಲ್ಲರೂ ವಕೀಲ ಬಾಯಿ ಎನ್ನುವವರ ಕಡೆ ಹೋದೆ. ಗೆಳತಿಯೂ ಬಂದಳು.

ವಕೀಲ ಬಾಯಿ ನಾವು ಹೇಳಿದ್ದನ್ನೆಲ್ಲ ಕೇಳಿ, ಕೆಲಸಕ್ಕೆ ಸೇರುವಾಗ ಬೇರೆ ಊರಿಗೆ ಕಳಿಸಿದರೆ ಹೋಗುತ್ತೇವೆ ಎಂದು ಒಪ್ಪಿದ್ದಿರಾ ಎಂದು ಕೇಳಿದರು. ಒಪ್ಪುವ ಪ್ರಶ್ನೆ ಎಲ್ಲಿಂದ, ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಹಿರಿಯ ಮಾಲಕರ ಒಂದು ತಲೆಯಾಡಿಸುವಿಕೆಯಿಂದ. ಹಾಗಿದ್ದರೆ, ಬರುವುದಿಲ್ಲ ಎಂದವರು ಕೆಲಸ ಬಿಟ್ಟವರಲ್ಲ, ಕಾರ್ಖಾನೆಯೇ ಅವರನ್ನು ತೆಗೆದ ಹಾಗೆ ಎಂದರು. ತೆಗೆಯುವವರು ಮೊದಲು ನೋಟೀಸು ಕೊಡಬೇಕು, ದುಡಿದ ವರ್ಷಗಳನ್ನು ಹಿಡಿದು ಪರಿಹಾರ ಕೊಡಬೇಕು. ಇನ್ನೂ ಒಂದು ಮಾತು ಹೇಳಿದರು. ಗ್ರಾಚ್ಯುಟಿ, ಪರಿಹಾರ ಎರಡೂ ಕೊನೆಯ ಪಗಾರದ ಮೇಲೆ ನಿಲ್ಲುತ್ತವೆ. ಸ್ಥಳಾಂತರ ಎದುರಿಗೆ ಇರುವಾಗ ಏರಿಕೆಯನ್ನು ಎರಡು ವರ್ಷ ಮುಂದೂಡಿದರೆ ಮಾಲಕನಿಗೆ ಉಳಿಯುವುದು ಎರಡು ವರ್ಷದ್ದಲ್ಲ, ಇಪ್ಪತ್ತು ವರ್ಷದ್ದು ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಚಿನ್ನದ ಕಾಗದದ ಪೇಢೆಪೆಟ್ಟಿಗೆ ನನ್ನ ಕಣ್ಣ ಮುಂದೆ ಬಂತು. ಮನೆಯಲ್ಲಿ ಅದರಲ್ಲಿ ನಾನು ಸೂಜಿದಾರ ಇಟ್ಟಿದ್ದೆ. ಸಂಜೆ ಹೋಗಿ ಅದನ್ನು ಹೊರಗೆ ಎಸೆದೆ.

ಸತ್ಕಾರದ ಮಾತನ್ನು ನಾವು ವಕೀಲ ಬಾಯಿಗೆ ಹೇಳಲೇ ಇಲ್ಲ. ಮುಚ್ಚಿಟ್ಟದ್ದಲ್ಲ, ಅದು ಹೇಳುವ ವಿಷಯ ಎಂದೇ ಹೊಳೆಯಲಿಲ್ಲ. ತಿಂದ ಭಡಂಗದ ಸುದ್ದಿಯನ್ನು ಯಾರಾದರೂ ಕೋರ್ಟಿಗೆ ಹೇಳುತ್ತಾರೆಯೇ?

ಹೇಳಿದವನು ಮ್ಯಾನೇಜರ್. ನಮ್ಮ ಅರ್ಜಿಯ ಮೇಲೆ ಸರಕಾರಿ ಕಾಮಗಾರ ಕಚೇರಿಯಲ್ಲಿ, ಅಂದರೆ ಕಾರ್ಮಿಕ ಇಲಾಖೆಯಲ್ಲಿ, ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ದಿನ ಅದು. ಅವನು ಲ್ಯಾಪ್‌ಟಾಪ್ ತೆಗೆದು ಅಧಿಕಾರಿಯ ಕಡೆ ತಿರುಗಿಸಿಟ್ಟ. ಖಾಲಿ ಶೆಡ್ಡು, ಬ್ಯಾನರು, ಕೇಸರಿ ಫೇಟಾಗಳ ಸಾಲು. ತಮ್ಮ ಖುಷಿಯಿಂದ ನಿರ್ಧಾರ ಮಾಡಿದ್ದಾರೆ ಎಂಬ ಅವನ ದನಿ, ಅದರ ಹಿಂದೆಯೇ ನಮ್ಮ ಚಪ್ಪಾಳೆ. ಅದರಲ್ಲೇ ನನ್ನ ನಗುವೂ ಇತ್ತು. ಬಾಯಿ ತೆರೆದು, ಹಲ್ಲೆಲ್ಲ ಕಾಣುವ ಹಾಗೆ, ಮದುವೆಮನೆಯಲ್ಲಿ ನಗುವ ಹಾಗೆ ನಗುತ್ತಿದ್ದೇನೆ. ಕೆಲಸ ಕಳೆದುಕೊಂಡವರು ಹೀಗೆ ಇರುತ್ತಾರೆಯೇ ಸಾಹೇಬರೇ, ಎಂದು ಅವನು ಕೇಳಿದ. ಅಧಿಕಾರಿ ಒಳ್ಳೆಯ ಮನುಷ್ಯ, ಬಹಳ ದಣಿದವನು. ಕಾಯಿ ತಗೊಂಡ್ರಾ ಎಂದು ನನ್ನನ್ನು ಕೇಳಿದ. ತಗೊಂಡೆ ಎಂದೆ. ಫೇಟಾ ಜಾರಿತ್ತು, ಅದಕ್ಕೆ ನಕ್ಕೆ ಎಂದೆ. ಆ ಖೋಲಿಯಲ್ಲಿ ಆ ಮಾತು ಎಷ್ಟು ಪೆದ್ದಾಗಿ ಕೇಳಿಸಿತು ಎಂದರೆ ನನ್ನ ಕಿವಿಯೇ ಬಿಸಿಯಾಯಿತು. ನಾಚಿಕೆಯೋ ಸಿಟ್ಟೋ ಗೊತ್ತಿಲ್ಲ. ಎರಡೂ ಇರಬೇಕು.

ಅಧಿಕಾರಿ ವೀಡಿಯೊವನ್ನು ಇನ್ನೊಮ್ಮೆ ಹಾಕಿಸಿ, ಅರ್ಜಿ ಕೊಟ್ಟವರಲ್ಲಿ ಇದರಲ್ಲಿ ಇಲ್ಲದವರು ಯಾರು ಎಂದು ಕೇಳಿದ. ಗೆಳತಿ ಹಿಂದಿನ ಬೆಂಚಿನಿಂದ ಎದ್ದು ನಿಂತಳು. ನೀವೇಕೆ ಕಾಯಿ ತೆಗೆದುಕೊಳ್ಳಲಿಲ್ಲ ಎಂದಾಗ, ಸೂತಕ ಇತ್ತು ಎಂದಳು. ಮ್ಯಾನೇಜರ್ ಲ್ಯಾಪ್‌ಟಾಪ್ ಮುಚ್ಚಿದ.

ಅವತ್ತು ರಾಜಿ ಆಗಲಿಲ್ಲ. ಹೊರಗೆ ಬಂದಮೇಲೆ ವಕೀಲ ಬಾಯಿ ನನ್ನೊಬ್ಬಳನ್ನೇ ಕರೆದು, ಮೊದಲು ಸತ್ಕಾರದ ಮಾತು ಹೇಳದೆ ಇದ್ದದ್ದಕ್ಕೆ ಬೈದರು. ಒಂದು ಕಾಯಿ ತಗೊಂಡ ಮಾತ್ರಕ್ಕೆ ಹಕ್ಕು ಮುಗಿದುಹೋಗುವುದಿಲ್ಲ, ಆದರೆ ಅದಕ್ಕೆ ಉತ್ತರ ಹೇಳುತ್ತಾ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ ಎಂದರು. ಆಮೇಲೆ ಗೆಳತಿಯ ಕಡೆ ಕಣ್ಣು ತೋರಿಸಿ ಹೇಳಿದರು: ಇವಳನ್ನು ಯಾರೂ ಬೀಳ್ಕೊಟ್ಟಿಲ್ಲ, ಆದರೂ ಇವಳಿಗೂ ಕೆಲಸ ಇಲ್ಲ. ಅಂದರೆ ಕೆಲಸ ಹೋದದ್ದು ಖುಷಿಯಿಂದ ಅಲ್ಲ ಎಂಬುದಕ್ಕೆ ಇವಳೇ ಸಾಕ್ಷಿ. ಇವಳು ನಿಮ್ಮ ಜೊತೆ ನಿಂತಿರುವ ತನಕ ಅವರ ವೀಡಿಯೊಗೆ ಬೆಲೆ ಇಲ್ಲ, ಇವಳು ಹೋದರೆ ನಿಮ್ಮ ಕೈಯಲ್ಲಿ ಬಹಳ ಏನೂ ಉಳಿಯುವುದಿಲ್ಲ. ಯಾವ ಸೂತಕಕ್ಕೆ ನಾನು ಪುರಾಣ ಹೇಳಿದ್ದೆನೋ, ಯಾವ ಮುದುಕನನ್ನು ಹೀಯಾಳಿಸಿದ್ದೆನೋ, ನಮ್ಮೆಲ್ಲರ ಅನ್ನ ಈಗ ಅವನ ಸಾವಿಗೆ ಜೋತುಬಿದ್ದಿತ್ತು.

ಮ್ಯಾನೇಜರ್ ದಡ್ಡನಲ್ಲ. ಅವನಿಗೂ ಅದು ಅದೇ ದಿನ ತಿಳಿದಿತ್ತು.

ಸ್ವಲ್ಪ ದಿನಕ್ಕೆ, ಒಂದು ರವಿವಾರ ಮಧ್ಯಾಹ್ನ, ಗೆಳತಿ ಮಿರಜದ ನಮ್ಮ ಮನೆಗೆ ಬಂದಳು. ಬರುತ್ತೇನೆಂದು ಫೋನ್ ಮಾಡಿರಲಿಲ್ಲ. ಕೈಯಲ್ಲಿ ಬಾಳೆಹಣ್ಣಿನ ಗೊನೆಯಿಂದ ಮುರಿದ ಒಂದು ಚಿಪ್ಪು. ಗಂಡ ಒಳಗೆ ಮಲಗಿದ್ದರು. ಅವಳು ಕುರ್ಚಿಯ ಮೇಲೆ ಕೂರಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ನೆಲಕ್ಕೆ ಕೂತಳು. ನಾನು ಚಹಾ ಇಟ್ಟೆ. ಅವಳ ಹಿರಿಯ ಮಗಳ ಮದುವೆ ಗೊತ್ತಾಗಿತ್ತು, ಅದು ನನಗೂ ಗೊತ್ತಿತ್ತು. ಅವಳ ಗಂಡ ಓಡಿಸುತ್ತಿದ್ದ ಟೆಂಪೋವನ್ನು ಅದರ ಮಾಲಕ ಮಾರಿಬಿಟ್ಟಿದ್ದ, ಅದೂ ಗೊತ್ತಿತ್ತು. ಅವಳು ಬಾಯಿ ಬಿಡುವ ಮೊದಲೇ ನನಗೆ ಎಲ್ಲ ತಿಳಿದುಹೋಯಿತು. ಆದರೂ ಅವಳೇ ಹೇಳಲಿ ಎಂದು ಚಹಾ ಸೋಸುತ್ತಾ ಬೆನ್ನು ತಿರುಗಿಸಿ ನಿಂತೆ.

"ಮ್ಯಾನೇಜರ್ ಕರೆಸಿದ್ರಿ ಅಕ್ಕ. ನಿನ್ನ ಹಿಸೇಬ ಪೂರಾ ಕೊಡತೀವಿ ಅಂದ್ರು. ಎರಡು ವರ್ಷದ ವಾಢಾನೂ ಹಿಡದು. ಆದ್ರ ಸಹಿ ಮಾಡಿ ಕೇಸಿನಾಗಿಂದ ಹೊರಗ ಬರಬೇಕಂತ."

ಚಹಾದ ಲೋಟ ಅವಳ ಮುಂದೆ ಇಟ್ಟು ನಾನೂ ಎದುರಿಗೆ ಕೂತೆ. ಇಪ್ಪತ್ತು ವರ್ಷ ಕೂತ ಹಾಗೆಯೇ, ನಡುವೆ ಟೇಬಲ್ ಮಾತ್ರ ಇರಲಿಲ್ಲ. ಬೇಡ ಎಂದು ಹೇಳುವುದು ಸುಲಭವಿತ್ತು. ತಗೋ, ನಮ್ಮ ಚಿಂತೆ ಮಾಡಬೇಡ ಎಂದು ದೊಡ್ಡಸ್ತಿಕೆ ತೋರಿಸುವುದೂ ಸುಲಭವಿತ್ತು. ನನಗೆ ಎರಡೂ ಆಗಲಿಲ್ಲ.

"ನೀ ತಗೊಂಡ್ರ ನಮ್ಮದು ಮುಗದಂಗ," ಎಂದೆ. "ವಕೀಲ ಬಾಯಿ ಹಂಗ ಹೇಳ್ಯಾರ. ಆದ್ರ ತಗೋಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು ನೋಡು."

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಚಹಾದ ಮೇಲೆ ಕೆನೆ ಕಟ್ಟಿತು.

"ನಾ ಶಾಣ್ಯಾಕಿ ಅಂತ ಅಲ್ರಿ," ಎಂದಳು. "ಸೂತಕ ಇರಲಿಲ್ಲಂದ್ರ ನಾನೂ ನಿಮ್ಮ ಬಾಜೂಕ ನಿಂತು ಫೇಟಾ ಕಟ್ಟಿಸ್ಕೋತಿದ್ದೆ."

ಅಷ್ಟೇ ಹೇಳಿ ಎದ್ದಳು. ಬಾಗಿಲ ತನಕ ಹೋಗಿ ಬಿಟ್ಟುಬಂದೆ. ರಿಕ್ಷಾ ತುಂಬುವುದನ್ನು ಕಾಯುತ್ತಾ ಅವಳು ಮೂಲೆಯಲ್ಲಿ ನಿಂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ಇಳಿದು ಹೋಗಿ ಏನಾದರೂ ಒಂದು ಮಾತು ಆಡಬೇಕು ಅನ್ನಿಸಿತು. ಹೋಗಲಿಲ್ಲ.

ಅವಳು ಸಹಿ ಮಾಡಿದಳು. ಮಾಡದೆ ಇನ್ನೇನು ಮಾಡುತ್ತಿದ್ದಳು? ಅವಳ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದೆ. ಇದನ್ನು ನನಗೆ ನಾನು ನೂರು ಸಲ ಹೇಳಿಕೊಂಡಿದ್ದೇನೆ, ಪ್ರತಿ ಸಲವೂ ಅದು ನಿಜ, ಮತ್ತು ಪ್ರತಿ ಸಲವೂ ನನಗೆ ಅವಳ ಮೇಲೆ ಸಿಟ್ಟು ಬಂದಿದೆ. ನಿಜವಾಗಿ ಸಿಟ್ಟು ಬರಬೇಕಾದದ್ದು ಯಾರ ಮೇಲೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಆ ಮನುಷ್ಯ ಪುಣೆಯ ಆಚೆ ದೊಡ್ಡ ಗೇಟಿನ ಹಿಂದೆ ಇದ್ದಾನೆ, ಸಿಟ್ಟು ಅಷ್ಟು ದೂರ ಹೋಗುವುದಿಲ್ಲ. ಹತ್ತಿರ ಸಿಕ್ಕವರ ಮೇಲೆ ಬೀಳುತ್ತದೆ.

ಆಮೇಲೆ ಉಳಿದವರನ್ನೂ ಒಬ್ಬೊಬ್ಬರನ್ನೇ ಕರೆಸಿದರು. ಅವರಿಗೆ ಪೂರಾ ಹಿಸೇಬು ಇಲ್ಲ, ಏನೋ ಒಂದಿಷ್ಟು. ಕೊಟ್ಟದ್ದನ್ನು ತೆಗೆದುಕೊಂಡು ಅವರು ಕೈತೊಳೆದುಕೊಂಡರು. ಒಬ್ಬಳು ಬುಧಗಾಂವದಲ್ಲಿ ಸಂಡಿಗೆ ಹಪ್ಪಳದ ಕೆಲಸಕ್ಕೆ ಹೋಗುತ್ತಾಳೆ, ಇನ್ನೊಬ್ಬಳು ಮಿರಜದ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ನನ್ನನ್ನೂ ಕರೆಸಿದರು. ರಾಜಿ ಕಾಗದದಿಂದ ನೀವೇ ಬಿಟ್ಟಿರಿ ಎಂಬ ಸಾಲನ್ನು ತೆಗೆಯಿರಿ, ಕಾರ್ಖಾನೆಯೇ ಕೆಲಸದಿಂದ ತೆಗೆಯಿತು ಎಂದು ಬರೆಯಿರಿ, ಹಣ ಕಡಿಮೆ ಆದರೂ ನಡೆಯುತ್ತದೆ ಎಂದೆ. ಅದು ಆಗುವುದಿಲ್ಲ ಎಂದರು. ಹಾಗಾದರೆ ಕೋರ್ಟಿನಲ್ಲಿ ಸಿಗೋಣ ಎಂದು ಎದ್ದು ಬಂದೆ. ಗಂಡ ಮಾತು ಬಿಟ್ಟರು, ಎರಡು ದಿನಕ್ಕೆ ಮತ್ತೆ ಆಡಿದರು.

ಈಗ ತಾರೀಖಿನಿಂದ ತಾರೀಖಿಗೆ ಹೋಗುವುದೇ ನನ್ನ ಕೆಲಸ. ಒಮ್ಮೆ ಸಾಹೇಬರು ರಜೆ, ಒಮ್ಮೆ ಕಂಪನಿಯ ವಕೀಲ ರಜೆ. ಮುಂದಿನ ಸಲ ನಾನು ಗೆದ್ದರೆ ಎಂದು ಮನಸ್ಸಿನಲ್ಲಿ ಮಾತು ಶುರುಮಾಡಿ, ಮುಗಿಸದೆ ಬಿಡುತ್ತೇನೆ. ವಕೀಲ ಬಾಯಿ ಈಗ ನನ್ನಿಂದ ಫೀ ತೆಗೆದುಕೊಳ್ಳುವುದಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದೆ.

ಗೆಳತಿಯ ಮಗಳ ಮದುವೆಗೆ ಪತ್ರಿಕೆ ಬಂತು. ಹೋಗುವುದಿಲ್ಲ ಎಂದು ಹಟ ಹಿಡಿದೆ. ಗಂಡ ಅವತ್ತು ಜೀವಮಾನದಲ್ಲಿ ಒಮ್ಮೆ ದನಿ ಎತ್ತಿ, ಹುಡುಗಿ ಏನು ಮಾಡಿದ್ದಾಳೆ, ನಿನ್ನ ತೊಡೆಯ ಮೇಲೆ ಆಡಿದವಳು ಎಂದರು. ಅವರಿಗೂ ಒಮ್ಮೊಮ್ಮೆ ಸರಿಯಾದ ಮಾತು ಬರುತ್ತದೆ. ಇಳಕಲ್ ಸೀರೆ ಉಟ್ಟು ಹೋದೆ.

ಕುಪವಾಡದ ಮಂಗಲ ಕಾರ್ಯಾಲಯ. ಹೂವು, ಬ್ಯಾಂಡು, ಊಟ, ಯಾವುದರಲ್ಲೂ ಕೊರತೆ ಮಾಡಿರಲಿಲ್ಲ. ಪ್ರತಿಯೊಂದನ್ನು ನೋಡಿದಾಗಲೂ, ಇದು ನಮ್ಮ ಕೇಸಿನ ಹಣ ಎಂಬ ಕೆಟ್ಟ ಯೋಚನೆ ಬರುತ್ತಿತ್ತು. ಜಿಲೇಬಿ ಬಾಯಲ್ಲಿ ಇಟ್ಟರೂ ಅದೇ. ಹುಡುಗಿ ಬಂದು ಕಾಲಿಗೆ ಬಿದ್ದಾಗ ಮಾತ್ರ ಆ ಯೋಚನೆ ಸ್ವಲ್ಪ ಹೊತ್ತು ಬಿಟ್ಟಿತು. ಚಂದ ಕಾಣುತ್ತಿದ್ದಳು. ತಾಯಿಯ ಮೂಗು.

ಹೊರಡುವ ಹೊತ್ತಿಗೆ ಗೆಳತಿ ಹಿಂದಿನಿಂದ ಬಂದು ಕೈ ಹಿಡಿದಳು. ಉಡಿ ತುಂಬದೆ ಕಳಿಸುವುದಿಲ್ಲ ಎಂದು ಮಂಟಪದ ಪಕ್ಕಕ್ಕೆ ಕರೆದುಕೊಂಡು ಹೋಗಿ ಮಣೆಯ ಮೇಲೆ ನಿಲ್ಲಿಸಿದಳು. ಹಣೆಗೆ ಕುಂಕುಮ ಹಚ್ಚಿದಳು. ತಟ್ಟೆಯಲ್ಲಿ ಅಕ್ಕಿ, ಕುಬಸದ ಖಣ, ಅಡಿಕೆ, ಮೇಲೆ ಒಂದು ತೆಂಗಿನಕಾಯಿ. 'ಸೆರಗು ಒಡ್ರಿ ಅಕ್ಕ' ಎಂದಳು. ನನ್ನ ಕೈ ಏಳಲಿಲ್ಲ. ಆ ಕಾಯಿಯನ್ನೇ ನೋಡುತ್ತಾ ನಿಂತೆ. ಸುತ್ತ ಅವಳ ಊರಿನ ಹೆಂಗಸರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಇದನ್ನ ತಗೊಂಡ್ರ ಏನು ಬಿಟ್ಟಂಗ ಆಗತೈತಿ, ಮೊದಲ ಹೇಳಿಬಿಡು," ಎಂದೆ.

ದನಿ ಎತ್ತಿ ಹೇಳಲಿಲ್ಲ, ಅವಳಿಗಷ್ಟೇ ಕೇಳಿಸುವ ಹಾಗೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಮದುವೆಯ ಫೋಟೋಗ್ರಾಫರ್ ಕ್ಯಾಮೆರಾ ಎತ್ತಿಕೊಂಡು ಮುಂದೆ ಬಂದ. ಮಾವಶಿ, ಇತ್ತ ನೋಡಿ, ಸ್ವಲ್ಪ ನಗಿ ಎಂದು ಮರಾಠಿಯಲ್ಲಿ ಹೇಳಿದ. ಗೆಳತಿ ಅವನ ಕಡೆ ತಿರುಗಿ, ಇದರ ಫೋಟೋ ಬ್ಯಾಡೋ ತಮ್ಮಾ ಎಂದಳು. ಅವನಿಗೆ ಕನ್ನಡ ತಿಳಿಯಲಿಲ್ಲ, ಕ್ಯಾಮೆರಾ ಇಳಿಸಲಿಲ್ಲ. ಅವಳು ಎಡಗೈ ಚಾಚಿ ಅದರ ಕಣ್ಣನ್ನೇ ಮುಚ್ಚಿ ಹಿಡಿದಳು.

ನಾನು ಸೆರಗು ಒಡ್ಡಿದೆ.

ಉಡಿಯನ್ನು ಎರಡೂ ಕೈಯಿಂದ ತುಂಬಬೇಕು, ಒಂದು ಕೈಯಿಂದ ತುಂಬುವುದು ಅವರಲ್ಲಿ ಅಪಶಕುನ. ಕಂಡರಿಯದ ಮುದುಕನಿಗೂ ಸೂತಕ ಹಿಡಿದವಳು, ಮಗಳ ಮದುವೆಯ ದಿನ, ಊರವರೆಲ್ಲ ನೋಡುತ್ತಿರುವಾಗ, ಎಡಗೈಯನ್ನು ಕ್ಯಾಮೆರಾದ ಮೇಲಿಂದ ತೆಗೆಯದೆ ಬಲಗೈಯೊಂದರಲ್ಲೇ ಅಕ್ಕಿ ಹಾಕಿದಳು, ಖಣ ಹಾಕಿದಳು, ಕಾಯಿ ಹಾಕಿದಳು.